ಚಂದ್ರನನ್ನು ಬಿಡದ ಮುಷ್ಟಿ

ನಾನು ವಿಜ್ಞಾನ ಹೇಳಿಕೊಡುವವಳು. ದೆವ್ವ, ಗಾಳಿ, ಸೋಂಕು ಅಂತ ಯಾರಾದರೂ ಶುರುಮಾಡಿದರೆ ಅವರ ಮಾತು ಮುಗಿಯುವ ಮೊದಲೇ ಬಾಯಿ ಮುಚ್ಚಿಸುವ ಸ್ವಭಾವ. ಈಗಲೂ ಅಷ್ಟೇ. ಹಾಗಾಗಿ ನಾನು ಈಗ ಹೇಳುವುದನ್ನು ಕೇಳಿ ಯಾರಾದರೂ ನನ್ನ ಬಾಯಿ ಮುಚ್ಚಿಸಿದರೆ ಬೇಜಾರು ಮಾಡಿಕೊಳ್ಳುವುದಿಲ್ಲ.

ಮನೆ ಮದ್ದೂರಿನಲ್ಲಿ, ಶಾಲೆ ಮಳವಳ್ಳಿ ದಾಟಿ ಹಲಗೂರಿನ ಕಡೆಗೆ. ದಿನಾ ಎರಡು ಬಸ್ಸು ಬದಲಾಯಿಸಿ, ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ತೆವಳಿಕೊಂಡು ಹೋಗಿ, ಪ್ರಾರ್ಥನೆಯ ಹೊತ್ತಿಗೆ ಶಾಲೆಯ ಗೇಟಿನಲ್ಲಿ ಇಳಿಯುತ್ತಿದ್ದೆ. ಹಾಗೆ ಇಳಿದ ಒಂದು ದಿನ ಹೆಡ್ಮಾಸ್ಟರು ನನ್ನನ್ನು ಕರೆದು ಒಂದು ರಟ್ಟಿನ ಪೆಟ್ಟಿಗೆ ತೋರಿಸಿದರು. “ನಿಮ್ಮ ವಿಜ್ಞಾನಕ್ಕೆ ಅಂತ ದಾನಿಗಳು ಕಳಿಸಿದ್ದಾರೆ ಮೇಡಂ. ಮುಟ್ಟದೇನೇ ಪ್ರಯೋಗ ಮಾಡಬಹುದಂತೆ” ಅಂದರು.

ನನಗೆ ಮೈಯೆಲ್ಲ ಉರಿಯಿತು. ನಮ್ಮ ಪ್ರಯೋಗಾಲಯದ ನಲ್ಲಿಯಲ್ಲಿ ನೀರಿಲ್ಲ, ಇರುವ ಒಂದೇ ಸೂಕ್ಷ್ಮದರ್ಶಕದ ಗಾಜು ಬಿರುಕು ಬಿಟ್ಟಿದೆ. ಮುಟ್ಟಿ ಮಾಡುವ ಪ್ರಯೋಗಕ್ಕೇ ಗತಿಯಿಲ್ಲದ ಕಡೆ ಮುಟ್ಟದೆ ಮಾಡುವುದನ್ನು ಕಳಿಸಿದ್ದಾರಲ್ಲ, ಇವರ ಬುದ್ಧಿಗಿಷ್ಟು ಅಂತ ಒಳಗೊಳಗೇ ಬೈದುಕೊಂಡೆ. ಹೊರಗೆ ಮಾತ್ರ “ಬಹಳ ಸಂತೋಷ ಸಾರ್” ಅಂದೆ.

ಮಂಡ್ಯದಿಂದ ಒಬ್ಬ ಎಂಜಿನಿಯರ್ ಬಂದು ಅದನ್ನು ಜೋಡಿಸಿಕೊಟ್ಟ. ಒಂದು ಲ್ಯಾಪ್‌ಟಾಪು, ಒಂದು ಪ್ರೊಜೆಕ್ಟರು, ಒಂದು ಪುಟ್ಟ ಕ್ಯಾಮೆರಾ, ಅಷ್ಟೇ. ಕ್ಯಾಮೆರಾದ ಮುಂದೆ ಕೈ ಎತ್ತಿದರೆ ಪರದೆಯ ಮೇಲೆ ತೋಳಿಗೂ ಬೆರಳುಗಳ ಗೆಣ್ಣು ಗೆಣ್ಣಿಗೂ ಹಸಿರು ಚುಕ್ಕಿ ಬಿದ್ದು, ಚುಕ್ಕಿ ಚುಕ್ಕಿಗೂ ಗೆರೆ ಎಳೆದುಕೊಂಡು ಒಂದು ಕೈ ಮೂಡುತ್ತದೆ. ನೀವು ಮುಷ್ಟಿ ಕಟ್ಟಿದರೆ ಆ ಕೈ ಪರದೆಯಲ್ಲಿರುವ ವಸ್ತುವನ್ನು ಹಿಡಿಯುತ್ತದೆ. ಬೆರಳು ಬಿಡಿಸಿದರೆ ಬಿಡುತ್ತದೆ. ಹೀಗೆ ಹಿಡಿದು ಬಿಟ್ಟು ಲೋಲಕ ತೂಗಬಹುದು, ಅಯಸ್ಕಾಂತ ಸರಿಸಬಹುದು, ಭೂಮಿಯ ಸುತ್ತ ಚಂದ್ರನನ್ನು ತಿರುಗಿಸಬಹುದು. ಬೆಳಕು ಕಡಿಮೆ ಇದ್ದರೆ ಚೆನ್ನಾಗಿ ಕಾಣುತ್ತದೆ ಅಂತ ಹಳೆಯ ಉಗ್ರಾಣದ ಕಿಟಕಿಗಳಿಗೆ ಗೋಣಿಚೀಲ ಕಟ್ಟಿ ಅಲ್ಲಿ ಇಟ್ಟೆವು. ಹೊರಗೆ ಕಣ್ಣು ಕುಕ್ಕುವ ಬಿಸಿಲಿದ್ದರೂ ಒಳಗೆ ಬಾವಿಯ ಕತ್ತಲು.

ನನ್ನ ಸಿಟ್ಟು ಒಂದೇ ವಾರದಲ್ಲಿ ಇಳಿಯಿತು, ಅದನ್ನೂ ಹೇಳಬೇಕು. ಹತ್ತನೆಯ ತರಗತಿಯ ಮಕ್ಕಳು ಆ ಕೋಣೆಗೆ ಹೋಗಲು ಕಿತ್ತಾಡುತ್ತಿದ್ದರು. “ಲೇ ಬುಡ್ಲಾ, ನಾನೂ ಒಸಿ ತಿರುಗುಸ್ತೀನಿ”, “ನಿನ್ನೆ ನೀನೇ ತಿರುಗುಸ್ದಲ್ಲೋ, ಓಗ್ಲಾ” ಅಂತ ಬಾಗಿಲಲ್ಲೇ ಜಗಳ. ಚಂದ್ರನನ್ನು ಹಿಡಿದು ಭೂಮಿಯ ಪಕ್ಕಕ್ಕೆ ತಂದು ಸುಮ್ಮನೆ ಬಿಟ್ಟರೆ ಅದು ನೇರ ಭೂಮಿಯ ಮೇಲೆ ಬಿದ್ದು ಚೂರಾಗುತ್ತಿತ್ತು. “ಮಿಸ್, ಚಂದ್ರ ಬಿದ್ದೋಯ್ತು!” ಅಂತ ಎಲ್ಲರೂ ಕೇಕೆ. ಬಿಡುವ ಗಳಿಗೆಯಲ್ಲಿ ಪಕ್ಕಕ್ಕೆ ಒಂದು ಸಣ್ಣ ತಳ್ಳು ಕೊಡಬೇಕು, ಆಗ ಅದು ಬೀಳುತ್ತಲೇ ಸುತ್ತುತ್ತದೆ, ಸುತ್ತುತ್ತಲೇ ಬೀಳುತ್ತಿರುತ್ತದೆ. ಇದನ್ನು ನಾನು ಎಷ್ಟೋ ವರ್ಷ ಹಲಗೆಯ ಮೇಲೆ ಬರೆದು ಬರೆದು ಸೋತಿದ್ದೆ. ಇಲ್ಲಿ ಮಕ್ಕಳ ತೋಳಿಗೇ ಅದು ಅರ್ಥವಾಗುತ್ತಿತ್ತು. ಬಂಡೂರು ಕಡೆಯ ಒಬ್ಬ ಹುಡುಗ “ನಮ್ ಕುರೀನೂ ಇಂಗೇ ಮಿಸ್, ಸೀದಾ ಬುಟ್ರೆ ಹೊಲಕ್ಕೆ ಬೀಳ್ತವೆ, ಪಕ್ಕುಕ್ಕೆ ಒಂದು ಏಟು ಕೊಟ್ರೆ ಬದೀನ್ ಸುತ್ತಾನೇ ಓಯ್ತವೆ” ಅಂದಾಗ ನನಗೆ ನಗು ತಡೆಯಲಾಗಲಿಲ್ಲ.

ಆ ತರಗತಿಯಲ್ಲಿ ಬಲಗೈ ಇಲ್ಲದ ಒಬ್ಬ ಹುಡುಗಿಯಿದ್ದಳು. ಆರನೆಯ ತರಗತಿಯಲ್ಲಿದ್ದಾಗ ಅವರ ಮನೆಯ ಆಲೆಮನೆಯಲ್ಲಿ ಕಬ್ಬು ಅರೆಯುವ ಗಾಣಕ್ಕೆ ಕೈ ಸಿಕ್ಕಿ, ಮಣಿಕಟ್ಟಿನಿಂದ ಸ್ವಲ್ಪ ಮೇಲಕ್ಕೆ ತೆಗೆಯಬೇಕಾಗಿತ್ತಂತೆ. ನನಗೆ ಗೊತ್ತಿದ್ದದ್ದು ಇಷ್ಟೇ. ಎಡಗೈಯಲ್ಲಿ ಮುತ್ತಿನಂಥ ಅಕ್ಷರ ಬರೆಯುತ್ತಿದ್ದಳು. ತುಂಬುತೋಳಿನ ಸಮವಸ್ತ್ರ ಹಾಕಿ, ಬಲತೋಳಿನ ತುದಿಗೆ ಪಿನ್ನು ಚುಚ್ಚಿ, ಅದರ ಮೇಲೆ ವೇಲು ಹೊದ್ದು ಕೊನೆಯ ಬೆಂಚಿನಲ್ಲಿ ಕೂರುತ್ತಿದ್ದಳು. ಓದಿನಲ್ಲಿ ಮುಂದಿದ್ದವಳು ಆ ವರ್ಷ ಮಂಕಾಗುತ್ತ ಬಂದಿದ್ದಳು. ಬೆಳಗಿನ ಪಾಠದಲ್ಲೇ ತೂಕಡಿಸುತ್ತಿದ್ದಳು. ಏನು ಅಂತ ಕೇಳಿದರೆ “ನಿದ್ದೆ ಬರಕಿಲ್ಲ ಮಿಸ್” ಅನ್ನುವುದು ಬಿಟ್ಟು ಬೇರೆ ಉತ್ತರವಿಲ್ಲ.

ಉಗ್ರಾಣದ ಕೋಣೆಗೆ ಬಂದಾಗಲೂ ಅವಳು ಹಿಂದೆಯೇ ನಿಲ್ಲುತ್ತಿದ್ದಳು. ಒಂದು ಮಧ್ಯಾಹ್ನ ನಾನು ಮುಂದೆ ನಿಂತು ಗ್ರಹಣದ ಪಾಠ ಮಾಡುತ್ತಿದ್ದೆ. ಪರದೆಯಲ್ಲಿ ನನ್ನ ಕೈ ಇತ್ತು. ಅದರ ಜೊತೆಗೆ ಅಂಚಿನಲ್ಲಿ ಇನ್ನೊಂದು ಕೈ ಮೂಡಿತು. ಚಿಕ್ಕದು, ಬಿಗಿಯಾಗಿ ಮುಷ್ಟಿ ಕಟ್ಟಿಕೊಂಡಿದ್ದು.

“ಯಾರ್ರೋ ಅದು ಕೈ ಎತ್ತಿರೋದು? ಕೆಳಗಿಳಿಸಿ” ಅಂತ ರೇಗಿದೆ. ಯಾರೂ ಎತ್ತಿರಲಿಲ್ಲ. ತಿರುಗಿ ನೋಡಿದರೆ ಎಲ್ಲರ ಕೈಗಳೂ ಅವರವರ ಮಡಿಲಲ್ಲಿದ್ದವು. ಹುಡುಗಿಯ ಹೆಗಲಿಂದ ವೇಲು ಜಾರಿ, ಪಿನ್ನು ಚುಚ್ಚಿದ ಅವಳ ಮೊಂಡುಗೈ ಮಾತ್ರ ಕ್ಯಾಮೆರಾದ ಕಡೆಗೆ ಕಾಣುತ್ತಿತ್ತು. ಅವಳು ತೋಳನ್ನು ಸ್ವಲ್ಪ ಸರಿಸಿದಳು. ಪರದೆಯ ಮೇಲಿನ ಮುಷ್ಟಿ ಅಷ್ಟೇ ಸರಿಯಿತು.

ಕೋಣೆಯಲ್ಲಿ ಪ್ರೊಜೆಕ್ಟರಿನ ಫ್ಯಾನಿನ ಸದ್ದು ಬಿಟ್ಟರೆ ಬೇರೇನೂ ಇರಲಿಲ್ಲ. ಹುಡುಗಿ ಎದ್ದು, ಯಾರೋ ಕರೆದವರಂತೆ ನೇರ ಮುಂದಕ್ಕೆ ಬಂದಳು. ಕ್ಯಾಮೆರಾ ಮುಂದೆ ನಿಂತು ಮೊಂಡುಗೈ ಪೂರ್ತಿ ಎತ್ತಿದಳು. ಹಸಿರು ಚುಕ್ಕಿಯ ಮುಷ್ಟಿ ದೊಡ್ಡದಾಯಿತು. ಹೆಬ್ಬೆರಳು ಉಳಿದ ಬೆರಳುಗಳ ಮೇಲೆ ಅಡ್ಡಲಾಗಿ ಮಡಚಿತ್ತು.

“ಅದು ನಂದೇ ಮಿಸ್” ಅಂದಳು. “ಅದು ಇರೋದೇ ಅಂಗೆ.”

ಮುಷ್ಟಿ ಚಂದ್ರನಿಗೆ ತಾಕಿತು. ಹಿಡಿದುಕೊಂಡಿತು. ಅವಳು ತೋಳನ್ನು ಎತ್ತ ಆಡಿಸಿದರೂ ಚಂದ್ರ ಅತ್ತ ಹೋಗುತ್ತಿತ್ತು, ಬಿಡುತ್ತಿರಲಿಲ್ಲ. ಕೊನೆಗೆ ನಾನೇ ಲ್ಯಾಪ್‌ಟಾಪಿನ ಮುಚ್ಚಳ ಹಾಕಿದೆ. ಮಕ್ಕಳನ್ನು ಹೊರಗೆ ಕಳಿಸಿ ಅವಳನ್ನು ಜಗಲಿಯ ಮೇಲೆ ಕೂರಿಸಿಕೊಂಡೆ.

ಆಗ ಅವಳು ಬಾಯಿಬಿಟ್ಟಳು. ಇಲ್ಲದ ಕೈ ಅವಳಿಗೆ ಇದ್ದ ಹಾಗೇ ಅನ್ನಿಸುತ್ತದೆ. ಅದು ಯಾವಾಗಲೂ ಮುಷ್ಟಿ ಕಟ್ಟಿಯೇ ಇರುತ್ತದೆ. ಉಗುರು ಅಂಗೈಯೊಳಗೆ ಇಳಿಯುತ್ತದೆ. ಮಲಗಿದರೆ ಇನ್ನೂ ಜಾಸ್ತಿ. ಬಿಡಿಸೋಣ ಅಂದರೆ ಹಿಡಿದು ಬಿಡಿಸಲು ಬೆರಳಿಲ್ಲ. ಈ ವರ್ಷ ನೋವು ತೀರಾ ಹೆಚ್ಚಾಗಿದೆ. ಮನೆಯಲ್ಲಿ ಹೇಳಿದರೆ “ಇಲ್ದಿರೋ ಕೈ ಎಂಗ್ ನೋಯ್ತದೆ, ಓದಕಾಗ್ದೆ ನೆಪ ಏಳ್ಬ್ಯಾಡ” ಅನ್ನುತ್ತಾರೆ. “ಅದು ಒಂದ್ಸಲ ಬುಟ್ರೆ ಸಾಕು ಮಿಸ್. ನಂಗೆ ನಿದ್ದೆ ಬತ್ತದೆ. ಆಮೇಕೆ ಓದ್ಕೋತೀನಿ” ಅಂದಳು. ನನಗೆ ಸಂಕಟವಾಯಿತು. ಮಕ್ಕಳ ಮುಂದೆ ಅಳಬಾರದು ಅಂತ ಸುಮ್ಮನೆ ಅವಳ ಜಡೆ ಸರಿಮಾಡಿದೆ.

ಕತ್ತರಿಸಿದ ಅಂಗ ನೋಯುವುದು ವೈದ್ಯರಿಗೆ ಗೊತ್ತಿರುವ ವಿಷಯ, ಅದರಲ್ಲಿ ಹೆದರುವಂಥದ್ದೇನಿಲ್ಲ. ಮಂಡ್ಯದ ಆಸ್ಪತ್ರೆಗೆ ತೋರಿಸಿ ಅಂತ ಅವಳ ಅಪ್ಪನಿಗೆ ಫೋನಿನಲ್ಲಿ ಹೇಳಿದೆ. ಕಾರ್ಖಾನೆಯ ಕಬ್ಬು ಕಡಿಯುವುದು ಮುಗಿಯಲಿ ಅಂದರು. ನನ್ನನ್ನು ಕಾಡಿದ್ದು ಪರದೆ. ಎಂಜಿನಿಯರನಿಗೆ ಫೋನು ಮಾಡಿದೆ. ಅವನು ನಕ್ಕ. “ಅದು ಲಕ್ಷಾಂತರ ಕೈಗಳ ಚಿತ್ರ ನೋಡಿ ಕಲಿತಿರೋದು ಮೇಡಂ. ಕೈಯಿಲ್ಲದ ತೋಳನ್ನ ಅದು ನೋಡೇ ಇಲ್ಲ. ತೋಳು ಕಂಡರೆ ಮುಂದೆ ಕೈ ಇರಲೇಬೇಕು ಅಂತ ಊಹೆ ಮಾಡಿ ಬೆರಳು ಸೇರಿಸುತ್ತೆ” ಅಂದ. ನನಗೆ ಸಮಾಧಾನವಾಯಿತು. ಫೋನು ಇಡುವ ಮುಂಚೆ “ಊಹೆ ಮಾಡಿದರೆ ಯಾವಾಗಲೂ ಮುಷ್ಟಿಯನ್ನೇ ಮಾಡುತ್ತದಾ?” ಅಂತ ಕೇಳಿದೆ.

“ಇಲ್ಲ ಮೇಡಂ. ಊಹೆ ಆದರೆ ಗಳಿಗೆಗೊಂದು ಆಕಾರ ಬರಬೇಕು. ಅಲುಗಾಡುತ್ತಾ ಇರುತ್ತೆ. ಒಂದೇ ಥರ ನಿಲ್ಲಲ್ಲ” ಅಂದ.

ನಾನು ಅದನ್ನು ಪರೀಕ್ಷಿಸಿ ನೋಡಿದೆ. ಊಟದ ಬಿಡುವಿನಲ್ಲಿ ಒಬ್ಬಳೇ ಆ ಕೋಣೆಗೆ ಹೋಗಿ, ಸ್ವೆಟರಿನ ತೋಳಿನೊಳಗೆ ನನ್ನ ಕೈ ಎಳೆದುಕೊಂಡು, ಬರೀ ತೋಳನ್ನು ಕ್ಯಾಮೆರಾಗೆ ಹಿಡಿದೆ. ಎಂಜಿನಿಯರ್ ಹೇಳಿದ ಹಾಗೇ ಆಯಿತು. ಅಲ್ಲಾಡುವ, ಸೊಟ್ಟಂಬಟ್ಟ ಬೆರಳುಗಳು ಬಂದವು, ಹೋದವು, ಮತ್ತೆ ಬಂದವು. ಎಷ್ಟು ಸಲ ಮಾಡಿದರೂ ಮುಷ್ಟಿ ಬರಲಿಲ್ಲ. ಬಾಗಿಲ ಹೊರಗೆ ಮಕ್ಕಳು ತಟ್ಟೆ ತೊಳೆಯುವ ಗಲಾಟೆ ಕೇಳುತ್ತಿತ್ತು. ಆದರೂ ನನಗೆ ಅಲ್ಲಿ ಒಬ್ಬಳೇ ನಿಂತಿರುವ ಧೈರ್ಯ ಸಾಲಲಿಲ್ಲ, ಸ್ವಿಚ್ಚು ಆರಿಸಿ ಬಿಸಿಲಿಗೆ ಬಂದೆ.

ಅಂದಿನಿಂದ ಹುಡುಗಿ ಬಿಡುವಿದ್ದಾಗಲೆಲ್ಲ ಅಲ್ಲಿಗೆ ಬರಲು ಕೇಳುತ್ತಿದ್ದಳು. ನೋವಿದ್ದರೂ ಅವಳ ಮುಖದಲ್ಲಿ ಒಂದು ಗೆಲುವಿತ್ತು. ತನ್ನ ಕೈಯನ್ನು ತಾನು ನೋಡುತ್ತಿದ್ದೇನೆ ಅನ್ನುವ ಗೆಲುವು. ನಾನು ಜೊತೆಗೆ ನಿಂತು, ಎಡಗೈ ಬಿಡಿಸು, ಅದರ ಜೊತೆಗೇ ಬಲಗೈ ಬಿಡಿಸುತ್ತಿದ್ದೇನೆ ಅಂದುಕೋ ಅಂತ ಹೇಳಿಕೊಡುತ್ತಿದ್ದೆ. ಪರದೆಯ ಎಡಗೈ ಹೂವಿನಂತೆ ಅರಳುತ್ತಿತ್ತು. ಬಲಗೈ ಮುಷ್ಟಿಯಾಗಿಯೇ ನಿಲ್ಲುತ್ತಿತ್ತು. ಒಮ್ಮೆ ಅವಳು ಹಲ್ಲು ಕಚ್ಚಿ ಎಷ್ಟು ಪ್ರಯತ್ನಪಟ್ಟಳೆಂದರೆ ಹಣೆಯಿಂದ ಬೆವರು ಇಳಿಯಿತು. “ಬುಡ್ತಾ ಇಲ್ಲ ಮಿಸ್. ಬುಡಬ್ಯಾಡ ಅಂತ ಯಾರೋ ಏಳ್ದಂಗದೆ” ಅಂದಳು.

ಈ ಸುದ್ದಿ ಊರಿಗೆ ಹೋಗದೆ ಇರುತ್ತದೆಯೇ? ಒಂದು ಬೆಳಿಗ್ಗೆ ನಾನು ಹಾಜರಿ ಕರೆಯುತ್ತಿರುವಾಗಲೇ ಒಬ್ಬ ಮುದುಕಿ ಸೀರೆ ಮೇಲಕ್ಕೆ ಕಟ್ಟಿಕೊಂಡು ಶಾಲೆಯ ಅಂಗಳ ದಾಟಿ ಬಿರುಗಾಳಿಯಂತೆ ನನ್ನ ತರಗತಿಯ ಬಾಗಿಲಿಗೆ ಬಂದು ನಿಂತಳು. ಹುಡುಗಿ ಎದ್ದು “ಅಜ್ಜಿ” ಅಂದಳು. ಮುದುಕಿ ಅವಳ ಕಡೆ ನೋಡಲೇ ಇಲ್ಲ.

“ನೀನಾ ಇಜ್ಞಾನ್ದೋಳು?” ಅಂದಳು. “ಊಳಿದ್ ಕೈಯ ಯಾಕವ್ವ ಎಬ್ಬುಸ್ದೆ ನೀನು?”

ಅವಳ ಬಾಯಿ ಮುಚ್ಚಿಸುವ ಬದಲು ನಾನು ಹಾಜರಿ ಪುಸ್ತಕ ಮುಚ್ಚಿದೆ. ನನ್ನನ್ನು ಬಲ್ಲವರು ಇದನ್ನು ನಂಬುವುದು ಕಷ್ಟ.

“ನಾನೇ ಆಸ್ಪತ್ರೆಯಿಂದ ಬಟ್ಟೇಲಿ ಸುತ್ಕೊಂಡು ಬಂದು, ಆಲೆಮನೆ ತಾವ ಹೊಂಗೆಮರದ್ ಬುಡುಕ್ಕೆ ಅರಿಸಿನ ಹಾಕಿ ಮಣ್ಣು ಮಾಡಿವ್ನಿ. ನೀನು ಅದ್ನ ಸಿನಿಮಾದಂಗೆ ಗ್ವಾಡೆ ಮ್ಯಾಲೆ ಆಡುಸ್ತಿದ್ದೀಯಂತೆ. ಮಗ ರಾತ್ರಿಯೆಲ್ಲ ನರಳ್ತದೆ ಕಣಮ್ಮ!”

ನಾನು ಎಂಜಿನಿಯರ್ ಹೇಳಿದ್ದನ್ನೆಲ್ಲ ಬಿಡಿಸಿ ಹೇಳಿದೆ. ಕ್ಯಾಮೆರಾ, ಊಹೆ, ಚಿತ್ರ, ಎಲ್ಲ. ಮುದುಕಿ ಕೇಳಿಸಿಕೊಂಡು “ತೋರ್ಸು” ಅಂದಳು. ತೋರಿಸಬಾರದಿತ್ತೋ ಏನೋ, ಆದರೆ ಅವಳ ದನಿಗೆ ಇಲ್ಲ ಅನ್ನುವವರು ಆ ಹೋಬಳಿಯಲ್ಲೇ ಯಾರೂ ಇರಲಾರರು. ಮಕ್ಕಳಿಗೆ ಓದಿಕೊಳ್ಳಲು ಹೇಳಿ ಅಜ್ಜಿ ಮೊಮ್ಮಗಳನ್ನು ಉಗ್ರಾಣದ ಕೋಣೆಗೆ ಕರೆದುಕೊಂಡು ಹೋದೆ.

ಹುಡುಗಿ ತೋಳು ಎತ್ತಿದಳು. ಮುಷ್ಟಿ ಮೂಡಿತು. ಮುದುಕಿ ಪರದೆಯ ಹತ್ತಿರ ಹತ್ತಿರ ಹೋಗಿ ಆ ಹಸಿರು ಚುಕ್ಕಿಗಳ ಮೇಲೆ ಮುಖ ಇಡುವಷ್ಟು ಬಗ್ಗಿ ನೋಡಿದಳು. ಅವಳ ಬಿಳಿಕೂದಲ ಮೇಲೂ ಚುಕ್ಕಿಗಳು ಬಿದ್ದವು. ಅವಳ ಸಿಟ್ಟೆಲ್ಲ ಎಲ್ಲಿ ಹೋಯಿತೋ, ಅಲ್ಲೇ ನೆಲದ ಮೇಲೆ ಕುಸಿದು ಕೂತಳು.

“ಜಲ್ಲೆ ಹಿಡ್ದಂಗೇ ಹಿಡ್ಕೊಂಡದೆ” ಅಂದಳು. ಕಬ್ಬಿನ ಜಲ್ಲೆಯನ್ನು ಹಿಡಿಯುವಾಗ ಹೆಬ್ಬೆರಳು ಹಾಗೆಯೇ ಅಡ್ಡ ಬರುತ್ತದೆ. ನನಗೆ ಅದುವರೆಗೆ ಹೊಳೆದಿರಲಿಲ್ಲ.

ಆಮೇಲೆ ಅವಳು ಹೇಳಿದ್ದನ್ನು ಅವಳ ಮೊಮ್ಮಗಳೂ ಪೂರ್ತಿ ಕೇಳಿದ್ದು ಅಂದೇ ಇರಬೇಕು. ಅವರ ಮನೆಯಲ್ಲಿ ಒಂದು ಪದ್ಧತಿಯಿತ್ತು. ವರ್ಷದ ಆಲೆ ಶುರುವಾಗುವ ದಿನ ಪೂಜೆಯಾದ ಮೇಲೆ ಗಾಣಕ್ಕೆ ಮೊದಲ ಜಲ್ಲೆಯನ್ನು ಮನೆಯ ಹೆಣ್ಣುಮಗಳೇ ಕೊಡಬೇಕು. ಗಾಣ ತಾನಾಗಿ ಅವಳ ಕೈಯಿಂದ ಈಸಿಕೊಳ್ಳುವವರೆಗೆ ಅವಳು ಜಲ್ಲೆ ಬಿಡಬಾರದು. ನಡುವೆ ಬಿಟ್ಟರೆ ಆ ವರ್ಷ ಬೆಲ್ಲ ಕಟ್ಟುವುದಿಲ್ಲ ಅನ್ನುವ ನಂಬಿಕೆ. “ನನ್ ನಾದ್ನಿ ಕೊಟ್ಟವ್ಳೆ, ನನ್ ಮಗ್ಳು ಕೊಟ್ಟವ್ಳೆ. ಯಾರ್ಗೂ ಏನೂ ಆಗ್ನಿಲ್ಲ. ಅದೆಲ್ಲ ಎತ್ತಿನ್ ಗಾಣ ಕಣವ್ವ” ಅಂದಳು ಮುದುಕಿ.

ಎತ್ತು ಸುತ್ತುವ ಗಾಣ ಜಲ್ಲೆಯನ್ನು ಕೈಯಿಂದ ಮೆಲ್ಲಗೆ ಎಳೆದುಕೊಳ್ಳುತ್ತದೆ. ಕೂಸಿನ ಕೈಯಿಂದ ಗಿಲಕಿ ತೆಗೆದುಕೊಳ್ಳುವಷ್ಟು ನಿಧಾನ. ಹುಡುಗಿ ಆರನೆಯ ತರಗತಿಯಲ್ಲಿದ್ದ ವರ್ಷ ಅವರ ಮನೆಯ ಎತ್ತಿನ ಗಾಣ ಹೋಗಿ ಡೀಸೆಲ್ ಎಂಜಿನ್ನಿನ ಗಾಣ ಬಂದಿತ್ತು. ಪದ್ಧತಿ ಮಾತ್ರ ಹಾಗೇ ಉಳಿಯಿತು. ಎಂಜಿನ್ನಿಗೂ ಕುಂಕುಮ ಇಟ್ಟರು, ನಿಂಬೆಹಣ್ಣು ಅರೆಸಿದರು, ಮಗುವಿನ ಕೈಗೆ ಜಲ್ಲೆ ಕೊಟ್ಟರು. ವೇಗ ಬದಲಾಗಿದೆ ಅಂತ ಯಾರಿಗೂ ಅನ್ನಿಸಲಿಲ್ಲ. ವೇಗದ ಪಾಠವನ್ನು ವರ್ಷ ವರ್ಷವೂ ಆ ಸುತ್ತಿನ ಊರುಗಳ ಮಕ್ಕಳಿಗೇ ಮಾಡುತ್ತ ಬಂದಿದ್ದ ನಾನು ತುಟಿ ಕಚ್ಚಿಕೊಂಡು ಕೇಳುತ್ತಿದ್ದೆ.

“ಹಿಂದೆ ನಿಂತ್ಕೊಂಡು ಏಳ್ಕೊಟ್ಟೋಳು ನಾನೇ” ಅಂದಳು ಮುದುಕಿ. “ಬಿಗಿಯಾಗಿ ಹಿಡ್ಕೊ ಕಣವ್ವ, ಗಾಣ ಈಸ್ಕೊಳ್ಳಗಂಟ ಬುಡಬ್ಯಾಡ ಅಂದೆ. ಎಲ್ರೂ ಬುಡು ಬುಡು ಅಂತ ಕೂಗ್ಕೊಂಡ್ರು. ಅವುಳು ಬುಡ್ನಿಲ್ಲ. ನಾನು ಬುಡು ಅನ್ನಿಲ್ವಲ್ಲ. ನನ್ ಬಾಯಿ ಕಟ್ಟೋಗಿತ್ತು. ಅವುಳು ನನ್ ಮಾತು ಕೇಳೋ ಮಗ.”

ಹುಡುಗಿ ತೋಳು ಇಳಿಸದೆ ಹಾಗೇ ನಿಂತಿದ್ದಳು. ಪರದೆಯಲ್ಲಿ ಮುಷ್ಟಿಯೊಳಗೆ ಚಂದ್ರನಿದ್ದ. ಅಜ್ಜಿ ಅಳುತ್ತಾಳೆ ಅಂದುಕೊಂಡೆ, ಅಳಲಿಲ್ಲ. ಗೋಡೆ ಹಿಡಿದು ಎದ್ದಳು. ಮೊಮ್ಮಗಳ ಹಿಂದಕ್ಕೆ ಹೋಗಿ, ಅಂದು ಆಲೆಮನೆಯಲ್ಲಿ ನಿಂತಿದ್ದಿರಬಹುದಾದ ಹಾಗೇ ನಿಂತಳು. ಕೈಗಳೆರಡನ್ನೂ ಸೆರಗಿನೊಳಗೆ ಮುಚ್ಚಿಕೊಂಡಿದ್ದಳು. ಇದನ್ನು ನಾನು ಗಮನವಿಟ್ಟು ನೋಡಿದ್ದೇನೆ. ಕ್ಯಾಮೆರಾದ ಮುಂದೆ ಆಗ ಹುಡುಗಿಯ ತೋಳು ಬಿಟ್ಟರೆ ಬೇರೆ ಯಾರ ಕೈಯೂ ಇರಲಿಲ್ಲ.

“ಬುಡವ್ವ” ಅಂದಳು ಮುದುಕಿ. “ಈಸ್ಕೊಂತು. ಗಾಣ ಅವತ್ತೇ ಈಸ್ಕೊಂತು. ಇನ್ ಸಾಕು, ಬುಡು ನನ್ ತಾಯಿ.”

ಹೆಬ್ಬೆರಳಿನ ಚುಕ್ಕಿಗಳು ಮೊದಲು ಅಲುಗಿದವು. ಆಮೇಲೆ ಕಿರುಬೆರಳು, ಅದರ ಪಕ್ಕದ್ದು, ಒಂದೊಂದಾಗಿ. ಬಹಳ ದಿನ ಮುಚ್ಚಿದ್ದ ಬಾಗಿಲು ತೆಗೆಯುವಾಗ ಎಷ್ಟು ತಡೆದು ತಡೆದು ತೆರೆಯುತ್ತದೋ ಅಷ್ಟು ಕಷ್ಟದಿಂದ ಮುಷ್ಟಿ ಬಿಚ್ಚಿಕೊಂಡಿತು. ಐದೂ ಬೆರಳು ಅಗಲವಾಗಿ ಚಾಚಿ ಒಂದು ಗಳಿಗೆ ನಿಂತವು. ಪುಟ್ಟ ಕೈ ಅದು. ಹತ್ತನೆಯ ತರಗತಿಯ ಹುಡುಗಿಯದಲ್ಲ, ಆರನೆಯ ತರಗತಿಯ ಮಗುವಿನದು. ತೋಳು ಪಕ್ಕಕ್ಕೆ ವಾಲಿತು, ಚಂದ್ರ ಕೈಬಿಟ್ಟು ಜಾರಿ, ಭೂಮಿಯ ಕಡೆಗೆ ಬೀಳುತ್ತ ಬೀಳುತ್ತ ಸುತ್ತತೊಡಗಿತು.

ಆಮೇಲೆ ಕೈ ಆರಿಹೋಯಿತು. ಪರದೆಯ ಮೇಲೆ ತೋಳಿನ ಗೆರೆ ಮಣಿಕಟ್ಟಿಗೂ ಮುಂಚೆಯೇ ನಿಂತಿತ್ತು. ಅಲ್ಲಿಂದ ಮುಂದೆ ಒಂದು ಚುಕ್ಕಿಯೂ ಇರಲಿಲ್ಲ.

“ಓಯ್ತು ಮಿಸ್” ಅಂದಳು ಹುಡುಗಿ.

“ನೋವಾ?” ಅಂತ ಕೇಳಿದೆ.

“ಎಲ್ಡೂವೆ” ಅಂದಳು.

ಅಜ್ಜಿ ಅವಳನ್ನು ತಬ್ಬಿಕೊಂಡಳು. ನಾನು ಗೋಣಿಚೀಲದ ಕಡೆ ಮುಖ ಮಾಡಿ ಅತ್ತೆ. ಚಂದ್ರ ಮಾತ್ರ ಯಾರೂ ಹಿಡಿಯದೆ ಸುತ್ತುತ್ತಿತ್ತು.

ಅಂದಿನಿಂದ ಹುಡುಗಿಗೆ ನಿದ್ದೆ ಬಂತು. ಇದನ್ನು ನಾನು ಹೇಗೆ ಬೇಕಾದರೂ ವಿವರಿಸಬಲ್ಲೆ. ಮೆದುಳು ಕಣ್ಣಿಂದ ಕಂಡದ್ದನ್ನು ನಂಬಿ ಬಿಗಿತ ಬಿಟ್ಟಿತು ಅನ್ನಬಹುದು, ಹಾಗೆ ಆಗುವುದುಂಟು. ಎಂಜಿನಿಯರನಿಗೆ ಹೇಳಿದಾಗ ಅವನು ಈ ಸಲ ನಗಲಿಲ್ಲ. ಮುಷ್ಟಿ ಯಾಕೆ ಅಲುಗಾಡದೆ ನಿಂತಿತ್ತು, ಆಮೇಲೆ ಯಾಕೆ ಊಹೆ ಮಾಡುವುದನ್ನೇ ಬಿಟ್ಟಿತು ಅಂತ ಕೇಳಿದ್ದಕ್ಕೆ “ಗೊತ್ತಿಲ್ಲ ಮೇಡಂ” ಅಂದ. ನನಗೂ ಗೊತ್ತಿಲ್ಲ.

ಆ ವರ್ಷದ ಆಲೆ ಶುರುವಾದ ದಿನ ಹುಡುಗಿ ನನ್ನನ್ನೂ ಕರೆದಿದ್ದಳು. ಶಾಲೆ ಬಿಟ್ಟ ಮೇಲೆ ಹೋದೆ. ಪೂಜೆ ಮುಗಿದು ಎಂಜಿನ್ನು ಹೊಡೆದುಕೊಳ್ಳುತ್ತಿತ್ತು. ಮನೆಯ ಸೊಸೆಯಂದಿರು ತಮ್ಮ ಹೆಣ್ಣುಮಕ್ಕಳನ್ನು ಸೆರಗಿನ ಹಿಂದೆ ಎಳೆದುಕೊಂಡು ನಿಂತಿದ್ದರು. ಮುದುಕಿ ಒಬ್ಬಳೇ ಮುಂದೆ ಬಂದಳು. ಜಲ್ಲೆಯನ್ನು ಗಾಣದ ಬಾಯಿಗಿಟ್ಟ ತಗಡಿನ ಇಳಿಜಾರಿನ ಮೇಲೆ ದೂರದಿಂದಲೇ ಎಸೆದು, “ಬೇಕಾದ್ರೆ ತಗಾ, ಬ್ಯಾಡ್ದಿದ್ರೆ ಬುಡು” ಅಂತ ಗಾಣಕ್ಕೆ ಬೈದಳು. ಗಾಣ ತೆಗೆದುಕೊಂಡಿತು. ಬೆಲ್ಲ ಎಂದಿನಂತೆ ಕಟ್ಟಿತು, ನನಗೂ ಒಂದು ಬಿಸಿ ಅಚ್ಚು ಕೊಟ್ಟು ಕಳಿಸಿದರು.

ಇಲ್ಲಿಗೆ ಮುಗಿಸಿದರೆ ನನಗೂ ಹಿತವಾಗಿರುತ್ತಿತ್ತು. ಆದರೆ ಪರೀಕ್ಷೆ ಹತ್ತಿರ ಬಂದ ಒಂದು ಮಧ್ಯಾಹ್ನ, ಊಟದ ಹೊತ್ತಿನಲ್ಲಿ, ಉಗ್ರಾಣದ ಬಾಗಿಲು ಅರ್ಧ ತೆರೆದಿತ್ತು. ಯಾವನೋ ಪ್ರೊಜೆಕ್ಟರು ಆರಿಸದೆ ಹೋಗಿದ್ದಾನೆ ಅಂತ ಬೈಯುತ್ತ ಒಳಗೆ ಇಣುಕಿದೆ. ಹುಡುಗಿ ಕ್ಯಾಮೆರಾದ ಮುಂದೆ ನಿಂತಿದ್ದಳು. ಪಿನ್ನು ತೆಗೆದು, ಅಂಗಿಯ ತೋಳು ಮಡಚಿ, ಮೊಂಡುಗೈಯನ್ನು ಮೇಲಕ್ಕೆ ಹಿಡಿದಿದ್ದಳು. ಪರದೆಯಲ್ಲಿ ಭೂಮಿ ಇತ್ತು, ಚಂದ್ರನಿದ್ದ. ಅವಳ ತೋಳಿನ ತುದಿಯ ಮುಂದೆ ಏನೂ ಇರಲಿಲ್ಲ.

ನಾನು ಬಂದದ್ದು ಗೊತ್ತಾದರೂ ಅವಳು ತೋಳು ಇಳಿಸಲಿಲ್ಲ.

“ಮತ್ತೆ ನೋಯ್ತಿದೆಯೇನೇ?” ಅಂತ ಕೇಳಿದೆ.

“ಇಲ್ಲ ಮಿಸ್. ಏನೂ ನೋಯಕಿಲ್ಲ. ಏನೂ ಇಲ್ಲ ಅಲ್ಲಿ” ಅಂದಳು. ಪರದೆಯಿಂದ ಕಣ್ಣು ತೆಗೆಯದೆ, “ಒಂದ್ಸಲ ಬತ್ತದೇನೋ ಅಂತ ನೋಡ್ತಿದ್ದೆ. ಮುಷ್ಟಿನೇ ಆದ್ರೂ ಸರಿ” ಅಂದಳು.

ಬೇರೆ ದಿನವಾಗಿದ್ದರೆ ಹೋಗಿ ಓದಿಕೋ ಹೋಗು ಅಂತ ಗದರಿಸುತ್ತಿದ್ದೆ. ಅಂದು ಬಾಗಿಲು ಮುಂದಕ್ಕೆಳೆದು ಅವಳ ಪಕ್ಕದಲ್ಲಿ ನಿಂತೆ. ನನಗೂ ಅದು ಬರಲಿ ಅನ್ನಿಸಿತು. ಗಂಟೆ ಹೊಡೆಯುವವರೆಗೆ ಇಬ್ಬರೂ ಆ ಪರದೆಯನ್ನೇ ನೋಡುತ್ತ ನಿಂತಿದ್ದೆವು.